‘ಒಂದು ಸೈಜ್ ಗಟ್ಟಿಯದು ಹಾಕಿ’ ಎನ್ನುವ ಮುನ್ನ

ಸಂಪಾದಕರಿಗೆ,

ನಮಸ್ಕಾರ. ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಸಣ್ಣ ಟ್ರೇಲರುಗಳನ್ನು ನಾವೇ ನೋಡಿಕೊಳ್ಳುವುದು ಹೇಗೆ ಎಂಬ ಲೇಖನ ಬಂದಿತ್ತು. ಟೈರು, ಬೇರಿಂಗು, ಲೈಟಿನ ವೈರು, ಎಲ್ಲದರ ಬಗ್ಗೆ ಚೆನ್ನಾಗಿ ಬರೆದಿದ್ದರು. ಕೊನೆಯ ಒಂದು ಸಾಲು ಮಾತ್ರ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿದ, ಟ್ರೇಲರಿನ ಭಾರ ಹೊರುವ ಸ್ಪ್ರಿಂಗ್) ಮುರಿದರೆ ಒಂದು ಸೈಜ್ ಗಟ್ಟಿಯದನ್ನು ಹಾಕಿಸಿಬಿಡಿ, ಮತ್ತೆ ತಲೆನೋವಿಲ್ಲ ಎಂದು ಬರೆದಿದ್ದರು. ಆ ತಲೆನೋವನ್ನು ನಾನು ಮೂರು ತಿಂಗಳು ಅನುಭವಿಸಿದ್ದೇನೆ. ಅದಕ್ಕೇ ಈ ಕಾಗದ. ಸ್ವಲ್ಪ ಉದ್ದವಾಗುತ್ತದೆ. ಕತ್ತರಿ ಹಾಕುವುದಾದರೆ ಹಾಕಿ, ಅಳತೆಗಳಿಗೆ ಮಾತ್ರ ಹಾಕಬೇಡಿ.

ನಾನು ಬಡಗಿ. ಕಪಾಟು, ಬಾಗಿಲು, ಮಂಚ ಮಾಡಿ, ಕಾರಿನ ಹಿಂದೆ ಎರಡು ಚಕ್ರದ ಟ್ರೇಲರ್ ಸಿಕ್ಕಿಸಿಕೊಂಡು ಗಿರಾಕಿಗಳ ಮನೆಗೆ ಮುಟ್ಟಿಸುತ್ತೇನೆ. ಹೋಗುವಾಗ ಕಪಾಟು, ಬರುವಾಗ ಖಾಲಿ. ಇಲ್ಲವೇ ಹೋಗುವಾಗ ಖಾಲಿ, ಬರುವಾಗ ಮರ. ಅಂದರೆ ಅರ್ಧ ದಾರಿ ಖಾಲಿಯೇ ಓಡುವ ಟ್ರೇಲರ್ ಅದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕೊಂಡದ್ದು ಸೆಕೆಂಡ್‌ಹ್ಯಾಂಡ್. ಯಾರು ಮಾಡಿದ್ದು, ಎಷ್ಟು ಹೊರುತ್ತದೆ ಎಂದು ಬರೆದ ತಗಡು ಯಾವತ್ತೋ ಉದುರಿ ಹೋಗಿತ್ತು. ಎರಡು ರಿವೆಟ್ ತೂತು ಮಾತ್ರ ಉಳಿದಿದ್ದವು.

ಒಂದು ಸಂಜೆ ಮರ ಇಳಿಸಿದ ಮೇಲೂ ಟ್ರೇಲರ್ ಎಡಕ್ಕೆ ವಾಲಿಕೊಂಡೇ ಇತ್ತು. ಎಡಗಡೆ ಚಕ್ರ ಎರಡು ಬೆರಳಿನಷ್ಟು ಹಿಂದೆ ಸರಿದು ಮಡ್‌ಗಾರ್ಡಿಗೆ ತಾಗುವ ಹಾಗೆ ನಿಂತಿತ್ತು. ಬಗ್ಗಿ ಟಾರ್ಚ್ ಬಿಟ್ಟೆ. ಸ್ಪ್ರಿಂಗಿನ ಎಲ್ಲಕ್ಕಿಂತ ಉದ್ದದ ಪಟ್ಟಿ, ಅಂದರೆ ಮೇನ್ ಪ್ಲೇಟು, ಪ್ಲೇಟುಗಳನ್ನೆಲ್ಲ ನಡುವೆ ಪೋಣಿಸುವ ಸೆಂಟರ್ ಬೋಲ್ಟಿನ ತೂತಿನ ಹತ್ತಿರವೇ ಕಟ್ ಆಗಿತ್ತು.

ಮುರಿದ ತುಂಡನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದರೆ ಅದರ ಕಥೆ ಅದರ ಮುಖದ ಮೇಲೇ ಇತ್ತು. ಮುರಿದ ಮುಖದ ಮುಕ್ಕಾಲು ಪಾಲು ಕಂದು ಬಣ್ಣ. ಉಗುರಿನಿಂದ ಕೆರೆದರೆ ತುಕ್ಕಿನ ಪುಡಿ. ಉಳಿದ ಕಾಲು ಪಾಲು ಮಾತ್ರ ಹೊಸ ಬೆಳ್ಳಿಯ ಹಾಗೆ, ಸಕ್ಕರೆ ಕಾಳಿನಂತೆ ಮಿನುಗುತ್ತಿತ್ತು. ಅಂದರೆ ಬಿರುಕು ಬಿಟ್ಟು ಎಷ್ಟೋ ಕಾಲವಾಗಿದೆ. ತೂತಿನ ಅಂಚಿನಿಂದ ಶುರುವಾಗಿ ದಿನಾ ಸ್ವಲ್ಪ ಸ್ವಲ್ಪ ತಿಂದುಕೊಂಡು ಬಂದಿದೆ. ಆವತ್ತಿನ ಮರದ ಲೋಡು ಕೊನೆಯ ಕಾಲು ಪಾಲನ್ನು ಮುರಿಯಿತು, ಅಷ್ಟೇ. ಪ್ಲೇಟಿನ ನಡುವೆ, ಆಕ್ಸಲ್ (ಎರಡು ಚಕ್ರ ಸೇರಿಸುವ ಅಡ್ಡದಂಡ) ಮೇಲೆ ಕೂರುವ ಜಾಗದಲ್ಲಿ, ಕನ್ನಡಿಯ ಹಾಗೆ ಉಜ್ಜಿದ ಗುರುತೂ ಇತ್ತು. ಸ್ಪ್ರಿಂಗನ್ನು ಆಕ್ಸಲ್ಲಿಗೆ ಅಪ್ಪಿ ಹಿಡಿಯುವ ಯು ಬೋಲ್ಟ್ ಸಡಿಲವಾಗಿದ್ದಕ್ಕೆ ಅದೇ ಸಾಕ್ಷಿ. ಯು ಬೋಲ್ಟ್ ಬಿಗಿಯಾಗಿದ್ದರೆ ಸ್ಪ್ರಿಂಗಿನ ನಡುಭಾಗ ಆಕ್ಸಲ್ಲಿಗೆ ಅಂಟಿಕೊಂಡಿರುತ್ತದೆ, ಅಲ್ಲಿ ಬಾಗುವುದೇ ಇಲ್ಲ. ಸಡಿಲವಾದರೆ ಬಾಗಾಟವೆಲ್ಲ ತೂತಿರುವ ಜಾಗಕ್ಕೇ ಬಂದು ಬೀಳುತ್ತದೆ. ತೂತು ಕೊರೆದ ಹಲಗೆ ತೂತಿನಲ್ಲೇ ಮುರಿಯುತ್ತದೆ ಅಂತ ಬಡಗಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ನನ್ನ ಸ್ಪ್ರಿಂಗ್ ಮುರಿದದ್ದು ಅದು ವೀಕ್ ಆಗಿತ್ತು ಅಂತಲ್ಲ. ಎರಡು ನಟ್ಟು ಸಡಿಲವಾಗಿದ್ದವು ಅಂತ. ಆದರೆ ಆವತ್ತು ನನಗೆ ಅದು ಹೊಳೆಯಲಿಲ್ಲ. ‘ವೀಕ್ ಇತ್ತು, ಮುರೀತು’ ಅಂತಲೇ ಅಂದುಕೊಂಡೆ.

ಮಾರನೇ ದಿನ ಮುರಿದದ್ದನ್ನು ಗೋಣಿಯಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಅದನ್ನು ಎತ್ತಿ ತಿರುಗಿಸಿ ನೋಡಿದರು. ಟೇಪು ಹಿಡಿಯಲಿಲ್ಲ. ಒಳಗಿಂದ ಒಂದು ಜೋಡಿ ತಂದು ಪಕ್ಕದಲ್ಲಿಟ್ಟರು. ಅದಕ್ಕೂ ಎರಡು ಕಡೆ ಕಣ್ಣು (ತುದಿಯನ್ನು ಸುತ್ತಿ ಮಾಡಿದ, ಬೋಲ್ಟ್ ತೂರುವ ಬಳೆ), ಐದು ಪ್ಲೇಟು, ನೋಡಲು ಅಷ್ಟೇ ಉದ್ದ.

“ನಿಮ್ದು ವೀಕು ಸಾರ್. ಇದು ಹೆವಿ. ಜನ್ಮದಲ್ಲಿ ಕಟ್ ಆಗಲ್ಲ.”

ಖುಷಿಯಿಂದ ತಂದು ಹಾಕಿಸಿದೆ. ನಿಮ್ಮ ಲೇಖನ ಹೇಳಿದ್ದೂ ಇದನ್ನೇ ಅಲ್ವಾ?

ಮೊದಲ ವಾರ ಕಪಾಟು ಇಳಿಸಿ ವಾಪಸ್ ಬರುವಾಗ ನನ್ನ ತಮ್ಮ ಹಿಂದೆ ಬೈಕಿನಲ್ಲಿದ್ದ. ಮನೆಗೆ ಬಂದವನೇ ಕೇಳಿದ, “ಅಣ್ಣಾ, ಹಂಪ್ ದಾಟಿದ ಮೇಲೆ ನಿನ್ನ ಟ್ರೇಲರ್ ನೋಡಿದ್ಯಾ? ಎರಡೂ ಚಕ್ರ ನೆಲ ಬಿಟ್ಟು ಕುಣೀತಾ ಇತ್ತು.” ನಾನು ನಕ್ಕೆ. ಮುಂದಿನ ವಾರ ನಿಲುವುಗನ್ನಡಿ ಕೂರಿಸಿದ ಒಂದು ಕಪಾಟು ಒಯ್ದೆ. ಕಂಬಳಿ ಸುತ್ತಿ, ಹಗ್ಗ ಬಿಗಿದು, ನಿಧಾನವಾಗಿಯೇ ಓಡಿಸಿದ್ದೆ. ಬಿಚ್ಚಿ ನೋಡಿದರೆ ಕನ್ನಡಿ ಮೂಲೆಯಿಂದ ಮೂಲೆಗೆ ಸೀಳಿತ್ತು. ಹಿಂದಿನ ಎರಡು ಜೋಡಣೆಗಳೂ ಬಾಯಿ ಬಿಟ್ಟಿದ್ದವು. ನನ್ನ ಜೋಡಣೆ ಹಾಗೆ ಬಾಯಿ ಬಿಡುವುದಿಲ್ಲ ಎಂದು ಗಿರಾಕಿಗೆ ಹೇಳುವ ಮುಖ ನನಗಿರಲಿಲ್ಲ. ಆಮೇಲೆ ಹಿಂದಿನ ಲೈಟಿನ ಬಲ್ಬುಗಳು ಒಂದೊಂದಾಗಿ ಹೋದವು. ಕೊನೆಗೆ ಸ್ಪ್ರಿಂಗ್ ಸಿಕ್ಕಿಸುವ ಮುಂದಿನ ಬ್ರ್ಯಾಕೆಟ್ಟಿನ ಬೆಸುಗೆಯ ಪಕ್ಕ, ಚಾಸಿಯಲ್ಲೇ, ಅಂದರೆ ಟ್ರೇಲರಿನ ಅಡಿ ಚೌಕಟ್ಟಿನಲ್ಲೇ, ಕೂದಲೆಳೆಯಂಥ ಬಿರುಕು ಕಂಡಿತು. ಸ್ಪ್ರಿಂಗ್ ಮಾತ್ರ ಕಟ್ ಆಗಲಿಲ್ಲ, ಅಂಗಡಿಯವರ ಮಾತು ಸುಳ್ಳಾಗಲಿಲ್ಲ. ತಾನು ತಿನ್ನಬೇಕಾದ ಪೆಟ್ಟನ್ನೆಲ್ಲ ಅದು ಚಾಸಿಗೆ, ಕಪಾಟಿಗೆ, ಬಲ್ಬಿಗೆ ದಾಟಿಸಿಬಿಟ್ಟಿತ್ತು.

ಆ ದಿನ ಹಳೇ ಪ್ಲೇಟು ಮತ್ತು ಹೊಸ ಪ್ಲೇಟು ಎರಡನ್ನೂ ಬೆಂಚಿನ ಮೇಲಿಟ್ಟು ಕ್ಯಾಲಿಪರ್ ಹಿಡಿದೆ. ಹಳೆಯದು 6 ಮಿಲಿಮೀಟರ್ ದಪ್ಪ. ಹೊಸದು 8. ಎರಡೇ ಮಿಲಿಮೀಟರ್ ವ್ಯತ್ಯಾಸ, ಕಣ್ಣಿಗೆ ಕಾಣುವುದೇ ಇಲ್ಲ.

ಎರಡೇ ಮಿಲಿಮೀಟರ್ ಅಂತ ಬಿಡುವ ಹಾಗಿಲ್ಲ. ಕಪಾಟಿಗೆ ಅಡ್ಡಹಲಗೆ ಹಾಕುವ ಯಾರನ್ನಾದರೂ ಕೇಳಿ. 12 ಮಿಲಿಮೀಟರ್ ಪ್ಲೈವುಡ್ ಪುಸ್ತಕದ ಭಾರಕ್ಕೆ ಹೊಟ್ಟೆ ಬಿಡುತ್ತದೆ. ಅದೇ ಜಾಗಕ್ಕೆ 18ರದ್ದು ಹಾಕಿದರೆ ಬಾಗುವುದು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ದಪ್ಪ ಒಂದೂವರೆ ಪಟ್ಟು ಆಯಿತು, ಬಿಗಿ ಒಂದೂವರೆ ಪಟ್ಟಲ್ಲ. ಒಂದೂವರೆಯನ್ನು ಮೂರು ಸಲ ಗುಣಿಸಬೇಕು, ಹತ್ತಿರ ಹತ್ತಿರ 3.4 ಪಟ್ಟು. ಉಕ್ಕಿನ ಪ್ಲೇಟಿಗೂ ಇದೇ ಲೆಕ್ಕ. 6ರಿಂದ 8ಕ್ಕೆ ಹೋದರೆ ಸುಮಾರು 2.4 ಪಟ್ಟು ಬಿಗಿ. ಅಗಲ ಜಾಸ್ತಿ ಮಾಡಿದರೆ ಅಗಲದಷ್ಟೇ ಜಾಸ್ತಿ. ಪ್ಲೇಟಿನ ಸಂಖ್ಯೆ ಜಾಸ್ತಿ ಮಾಡಿದರೆ ಸಂಖ್ಯೆಯಷ್ಟೇ ಜಾಸ್ತಿ. ಉದ್ದ ಹೆಚ್ಚಿಸಿದರೆ ಉಲ್ಟಾ, ಮೂರು ಸಲ ಗುಣಿಸಿದ ಲೆಕ್ಕದಲ್ಲೇ ಮೆತ್ತಗಾಗುತ್ತದೆ. ಹಾಗಾಗಿ ‘ಐದು ಪ್ಲೇಟಿನದು ಕೊಡಿ’ ಎಂದು ಕೇಳುವುದಕ್ಕೆ ಅರ್ಥವೇ ಇಲ್ಲ. ಎಷ್ಟು ದಪ್ಪದ ಐದು?

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಒಂದೇ ದಪ್ಪ ಪ್ಲೇಟಿನ ಬದಲು ಐದು ತೆಳು ಪ್ಲೇಟು ಯಾಕೆ ಜೋಡಿಸುತ್ತಾರೆ ಗೊತ್ತಾ? ಐದು ಹಲಗೆ ಸುಮ್ನೆ ಒಂದರ ಮೇಲೊಂದು ಇಟ್ಟು ಬಾಗಿಸಿ ನೋಡಿ. ಒಂದು ಹಲಗೆಯ ಐದು ಪಟ್ಟು ಬಿಗಿ. ಅದೇ ಐದಕ್ಕೆ ಗೋಂದು ಹಚ್ಚಿ ಒಂದೇ ಮಾಡಿ. ಈಗ 125 ಪಟ್ಟು. ಸ್ಪ್ರಿಂಗಿನ ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ಜಾರುವುದರಿಂದಲೇ ಬಾಗುತ್ತದೆ, ಜಾರುವಾಗ ಉಜ್ಜುವುದರಿಂದಲೇ ಕುಣಿತ ಬೇಗ ನಿಲ್ಲುತ್ತದೆ. ನಮ್ಮಂಥವರ ಸಣ್ಣ ಟ್ರೇಲರಿಗೆ ಹೆಚ್ಚಾಗಿ ಶಾಕ್ ಅಬ್ಸಾರ್ಬರ್ ಇರುವುದಿಲ್ಲ, ಕುಣಿತ ನಿಲ್ಲಿಸುವ ಕೆಲಸವೂ ಈ ಉಜ್ಜಾಟದ್ದೇ. ನಡುವೆ ದಪ್ಪ, ತುದಿಗೆ ತೆಳು ಇರುವ ಪ್ಯಾರಾಬೋಲಿಕ್ ಪ್ಲೇಟುಗಳನ್ನು ಯಾರಾದರೂ ಹೊಗಳಿದರೆ ಇದನ್ನು ನೆನಪಿಡಿ. ಅವು ಮೆತ್ತಗೆ ಓಡುವುದು ನಿಜ. ಆದರೆ ಪ್ಲೇಟು ಪ್ಲೇಟಿನ ನಡುವೆ ಸಂದು ಇರುವುದರಿಂದ ಉಜ್ಜಾಟ ಕಡಿಮೆ, ಅವಕ್ಕೆ ಶಾಕ್ ಅಬ್ಸಾರ್ಬರ್ ಬೇಕು.

ನನ್ನ ಮಗಳು ಶಾಲೆಯಲ್ಲಿ ಭೌತಶಾಸ್ತ್ರ ಹೇಳುತ್ತಾಳೆ. ಅವಳು ಒಂದು ಸುಲಭದ ಲೆಕ್ಕ ಹೇಳಿಕೊಟ್ಟಳು. ಭಾರಕ್ಕೆ ಸ್ಪ್ರಿಂಗ್ ಎಷ್ಟು ಸೆಂಟಿಮೀಟರ್ ಇಳಿಯಿತು ಎಂದು ನೋಡಿ, ಅದರ ವರ್ಗಮೂಲದಿಂದ 5ನ್ನು ಭಾಗಿಸಿದರೆ ಟ್ರೇಲರ್ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಎಂದು ಬರುತ್ತದೆ. 4 ಸೆಂಟಿಮೀಟರ್ ಇಳಿದರೆ ಎರಡೂವರೆ ಸಲ. 1 ಸೆಂಟಿಮೀಟರ್ ಇಳಿದರೆ ಐದು ಸಲ. ಮೊದಲನೆಯದು ತೂಗಾಟ, ಎರಡನೆಯದು ನಡುಕ. ಖಾಲಿ ಟ್ರೇಲರಿಗೆ 8 ಮಿಲಿಮೀಟರಿನ ಆ ‘ಹೆವಿ’ ಸ್ಪ್ರಿಂಗ್ ಅರ್ಧ ಸೆಂಟಿಮೀಟರೂ ಇಳಿಯುತ್ತಿರಲಿಲ್ಲ. “ಅಪ್ಪಾ, ನಿನ್ನ ಟ್ರೇಲರಿಗೆ ಸ್ಪ್ರಿಂಗೇ ಇಲ್ಲ ಅಂದುಕೋ” ಅಂದಳು.

ಕೈಯಾರೆ ನೋಡದೆ ನಾನು ನಂಬುವವನಲ್ಲ. ಟ್ರೇಲರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಾಸಿಯ ಕೆಳ ಅಂಚಿನಿಂದ ಆಕ್ಸಲ್ ಪೈಪಿನ ಮೇಲ್ಭಾಗಕ್ಕೆ ಇರುವ ಅಂತರವನ್ನು ಎರಡೂ ಕಡೆ ಒಂದು ಪಟ್ಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡೆ. 50 ಕೆಜಿಯ ನಾಲ್ಕು ಮರಳಿನ ಚೀಲಗಳನ್ನು ಸರಿಯಾಗಿ ಆಕ್ಸಲ್ ಮೇಲೆ ಬರುವಂತೆ ಎರಡು ಕಡೆ ಸಮನಾಗಿ ಇಟ್ಟೆ. ಅಂದರೆ ಒಂದೊಂದು ಸ್ಪ್ರಿಂಗಿಗೆ 100 ಕೆಜಿ. ಟ್ರೇಲರಿನ ಮೂಲೆ ಹಿಡಿದು ಎರಡು ಸಲ ಅಲುಗಾಡಿಸಿದೆ, ಪ್ಲೇಟುಗಳು ಉಜ್ಜಿಕೊಂಡು ಅರ್ಧದಲ್ಲೇ ನಿಂತುಬಿಡಬಾರದಲ್ಲ. ಮತ್ತೆ ಗುರುತು ಹಾಕಿದೆ. ಎರಡು ಪೆನ್ಸಿಲ್ ಗೆರೆಗಳ ನಡುವೆ ನಾಲ್ಕು ಮಿಲಿಮೀಟರ್ ಮೇಲೆ ಒಂದಿಷ್ಟು. ಪೆನ್ಸಿಲ್ಲಿನ ಮೊನೆ ಸ್ವಲ್ಪ ಮೊಂಡಾಗಿದ್ದರೆ ಎರಡು ಗೆರೆ ಒಂದೇ ಆಗುತ್ತಿದ್ದವು.

ಹಾಗಾದರೆ ಎಷ್ಟು ಬಿಗಿಯದು ಬೇಕು? ಇದು ಅಂಗಡಿಯಲ್ಲಿ ತೀರ್ಮಾನವಾಗುವ ವಿಷಯವಲ್ಲ, ಗಾಡಿ ತೂಗುವ ವೇಬ್ರಿಡ್ಜಿನ ಮೇಲೆ ಆಗಬೇಕು. ನಾನು ಸಾಮಾನ್ಯವಾಗಿ ಹೇರುವ ಅತಿ ಭಾರದ ಲೋಡು ಹಾಕಿಕೊಂಡು ಹೋದೆ. ಮೊದಲು ಕಾರಿನಿಂದ ಕಳಚಿ ಟ್ರೇಲರನ್ನು ಪೂರ್ತಿ ತೂಗಿದೆ. 740 ಕೆಜಿ. ಆಮೇಲೆ ಕಾರಿಗೆ ಸಿಕ್ಕಿಸಿ, ಕಾರು ಹೊರಗೆ, ಟ್ರೇಲರಿನ ಚಕ್ರ ಮಾತ್ರ ಮೇಲೆ. 660. ಉಳಿದ 80 ಕೆಜಿ ಮೂಕಿಯ (ಕಾರಿಗೆ ಸಿಕ್ಕಿಸುವ ಮುಂದಿನ ದಂಡದ) ಮೂಲಕ ಕಾರಿನ ಮೇಲೆ ಕೂತಿದೆ. ಅದು ಹಾಗೇ ಇರಬೇಕು, ಒಟ್ಟು ತೂಕದ ಹತ್ತರಿಂದ ಹದಿನೈದು ಪರ್ಸೆಂಟ್ ಮೂಕಿಯ ಮೇಲೆ ಇಲ್ಲದಿದ್ದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಇನ್ನು ಚಕ್ರ, ಹಬ್ಬು, ಆಕ್ಸಲ್, ಇವು ಸ್ಪ್ರಿಂಗಿನ ಕೆಳಗಿರುವವು. ಅವುಗಳ ಭಾರ ನೇರ ನೆಲಕ್ಕೆ, ಸ್ಪ್ರಿಂಗಿಗೆ ಗೊತ್ತೇ ಆಗುವುದಿಲ್ಲ. ನನ್ನದರಲ್ಲಿ ಅದು 60 ಕೆಜಿ. ಕಳೆದರೆ 600. ಒಂದು ಸ್ಪ್ರಿಂಗಿಗೆ 300.

ಗುಂಡಿ, ಹಂಪ್, ಒಂದು ಕಡೆ ಜಾಸ್ತಿ ಹೇರಿದ ದಿನ, ಇದಕ್ಕೆಲ್ಲ ಸ್ವಲ್ಪ ಅವಕಾಶ ಇಟ್ಟು ಒಂದಕ್ಕೆ 400 ಕೆಜಿ ಎಂದು ನಿರ್ಧರಿಸಿದೆ. ಅದಕ್ಕಿಂತ ಮೇಲೆ ಹೋಗಲಿಲ್ಲ. ಹೋಗಿಯೂ ಲಾಭವಿಲ್ಲ. ನನ್ನ ಟೈರಿನ ಪಕ್ಕೆಯ ಮೇಲೆ ಲೋಡ್ ಇಂಡೆಕ್ಸ್ 75 ಎಂದಿದೆ. ಅಂದರೆ ಒಂದು ಟೈರು 387 ಕೆಜಿ, ಎರಡಕ್ಕೆ 774. ಸ್ಪ್ರಿಂಗ್ ಎಷ್ಟು ದಪ್ಪ ಹಾಕಿದರೂ ಟೈರು ಹೊರುವುದು ಅಷ್ಟೇ. ಟೈರು, ಆಕ್ಸಲ್, ಚಾಸಿ, ಮೂಕಿ, ಸ್ಪ್ರಿಂಗ್, ಈ ಐದರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ಟ್ರೇಲರಿನ ತಾಕತ್ತು. ಗಟ್ಟಿ ಸ್ಪ್ರಿಂಗ್ ಹಾಕಿ ‘ಈಗ ಜಾಸ್ತಿ ಹೇರಬಹುದು’ ಅಂದುಕೊಂಡವರು ಟೈರು ಒಡೆಸಿಕೊಳ್ಳುತ್ತಾರೆ.

ಈ 400 ಎಂಬ ಅಂಕಿಯಲ್ಲೂ ಒಂದು ಮೋಸವಿದೆ. ಮೋಸ ಅಂದರೆ ಯಾರೂ ಬೇಕಂತ ಮಾಡಿದ್ದಲ್ಲ. ಅಂಗಡಿಯಲ್ಲಿ ಒಂದು ಸ್ಪ್ರಿಂಗಿನ ಡಬ್ಬದ ಮೇಲೆ 750 ಕೆಜಿ ಎಂದು ಬರೆದಿತ್ತು. ಒಂದು ಸ್ಪ್ರಿಂಗಿಗೋ, ಜೋಡಿಗೋ? ಮಾರುವವರಿಗೂ ಗೊತ್ತಿರಲಿಲ್ಲ. ಒಂದಕ್ಕೆ 750 ಆಗಿದ್ದರೆ ನಾನು ಮತ್ತೆ ಅದೇ ಹಳ್ಳಕ್ಕೆ ಬೀಳುತ್ತಿದ್ದೆ. ಕೊಳ್ಳುವವರು ಬಾಯಿಬಿಟ್ಟು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಇನ್ನು ಉದ್ದ. ಇಲ್ಲಿ ನಾನು ಇನ್ನೊಂದು ಪಾಠ ಕಲಿತೆ. ಎರಡು ಕಣ್ಣಿನ ಸ್ಪ್ರಿಂಗನ್ನು ಒಂದು ಕಣ್ಣಿನ ನಡುವಿನಿಂದ ಇನ್ನೊಂದು ಕಣ್ಣಿನ ನಡುವಿಗೆ, ನೇರ ಗೆರೆಯಲ್ಲಿ, ಭಾರ ಇಲ್ಲದಾಗ ಅಳೆಯುವುದು ರೂಢಿ. ಮುರಿಯದೆ ಉಳಿದ ಬಲಗಡೆಯ ಹಳೇ ಸ್ಪ್ರಿಂಗನ್ನು ಅಳೆದರೆ 668 ಮಿಲಿಮೀಟರ್ ಬಂತು. ಆ ಅಳತೆಯದು ಎಲ್ಲೂ ಸಿಗಲಿಲ್ಲ. 650ರದ್ದು ಇದೆ, 700ರದ್ದು ಇದೆ ಅಂದರು. 668 ಎಲ್ಲಿಂದ ಬಂತು? ಯೋಚನೆ ಮಾಡಿದರೆ, ಹಳೇ ಸ್ಪ್ರಿಂಗ್ ಕುಗ್ಗಿದೆ. ಕಮಾನು ಚಪ್ಪಟೆಯಾದಷ್ಟೂ ಎರಡು ತುದಿ ದೂರ ಹೋಗುತ್ತವೆ. ಬಿಲ್ಲಿನ ದಾರ ಬಿಚ್ಚಿದರೆ ಬಿಲ್ಲು ಉದ್ದವಾಗುತ್ತದಲ್ಲ, ಹಾಗೆ. ಆಗ ಮಗಳು ಅವರಮ್ಮನ ಹೊಲಿಗೆ ಡಬ್ಬದಿಂದ ಬಟ್ಟೆ ಅಳೆಯುವ ಟೇಪು ತಂದಳು. ಅದನ್ನು ಮೇನ್ ಪ್ಲೇಟಿನ ಬೆನ್ನಿನ ಮೇಲೆ ಬಾಗಿಗೆ ಸರಿಯಾಗಿ ಒತ್ತಿ ಹಿಡಿದು ಕಣ್ಣಿನಿಂದ ಕಣ್ಣಿಗೆ ಅಳೆದೆವು. 676. ಈ ಅಳತೆ ಸ್ಪ್ರಿಂಗ್ ಕುಗ್ಗಿದರೂ ಬದಲಾಗುವುದಿಲ್ಲ, ಉಕ್ಕು ಹಿಗ್ಗುವುದಿಲ್ಲವಲ್ಲ. ಅಂಗಡಿಯಲ್ಲಿದ್ದ 650ರ ಹೊಸ ಸ್ಪ್ರಿಂಗಿಗೆ ಕಮಾನು, ಅಂದರೆ ನಡುವಿನ ಬಾಗಿನ ಎತ್ತರ, 80 ಮಿಲಿಮೀಟರ್. ಅದರ ಬೆನ್ನ ಮೇಲೂ ಟೇಪು ಹಿಡಿದರೆ ಅದೇ 676. ಅಲ್ಲಿಗೆ ನನ್ನ ಸ್ಪ್ರಿಂಗ್ ಸಿಕ್ಕಿತು.

ಉದ್ದ ತಪ್ಪಿದರೆ ಅದು ಶಾಕಲ್ಲಿನಲ್ಲಿ ಕಾಣುತ್ತದೆ. ಹಿಂದಿನ ಕಣ್ಣನ್ನು ತೂಗುಹಾಕುವ ಆ ಎರಡು ಸಣ್ಣ ಪಟ್ಟಿಗಳು, ಸ್ಪ್ರಿಂಗ್ ಚಪ್ಪಟೆಯಾದಾಗ ಹಿಂದಕ್ಕೆ ತೂಗಬೇಕು. ಸ್ಪ್ರಿಂಗ್ ಜಾಸ್ತಿ ಉದ್ದವಾದರೆ ಶಾಕಲ್ ಖಾಲಿಯಲ್ಲೇ ಹಿಂದಕ್ಕೆ ಮಲಗಿಬಿಡುತ್ತದೆ, ಇನ್ನು ತೂಗಲು ಜಾಗವೇ ಇಲ್ಲ. ಗಿಡ್ಡವಾದರೆ ಮುಂದಕ್ಕೆ ವಾಲಿ, ಒಂದು ದಿನ ದೊಡ್ಡ ಗುಂಡಿಯಲ್ಲಿ ಉಲ್ಟಾ ಮಡಚಿಕೊಳ್ಳುತ್ತದೆ. ಕೆಲವು ಟ್ರೇಲರಿಗೆ ಶಾಕಲ್ಲೇ ಇರುವುದಿಲ್ಲ. ಮುಂದೆ ಕಣ್ಣು, ಹಿಂದೆ ಬರೀ ತುದಿ, ಅದು ಬ್ರ್ಯಾಕೆಟ್ಟಿನ ಒಳಗೆ ಜಾರುತ್ತದೆ. ಅದನ್ನು ಕಣ್ಣಿನ ನಡುವಿನಿಂದ ತುದಿಯವರೆಗೆ ಅಳೆಯಬೇಕು. ಎರಡು ಜಾತಿ ಬೇರೆ ಬೇರೆ, ಒಂದರ ಬದಲು ಇನ್ನೊಂದು ಕೂರುವುದಿಲ್ಲ.

ಅಗಲ ನನ್ನದು 45 ಮಿಲಿಮೀಟರ್. ಬ್ರ್ಯಾಕೆಟ್ಟಿನ ಒಳ ಅಗಲ ನೋಡಿಕೊಂಡರೆ ಇದರಲ್ಲಿ ತಪ್ಪಾಗುವುದಿಲ್ಲ. ಸೆಂಟರ್ ಬೋಲ್ಟ್ ಹೆಸರಿಗೆ ಸೆಂಟರ್, ಎಲ್ಲದರಲ್ಲೂ ನಟ್ಟನಡುವೆ ಇರುವುದಿಲ್ಲ. ಮುಂದಿನ ಕಣ್ಣಿನಿಂದ ಬೋಲ್ಟಿಗೆ ಎಷ್ಟು ಎಂದು ಬೇರೆಯೇ ಅಳೆಯಿರಿ. ಅದರ ತಲೆ ಆಕ್ಸಲ್ಲಿನ ಸೀಟಿನ ತೂತಿಗೆ ಅಲ್ಲಾಡದಂತೆ ಕೂರಬೇಕು, ಯಾಕೆಂದರೆ ಆಕ್ಸಲ್ ಎಲ್ಲಿರಬೇಕು ಎಂದು ಹೇಳುವುದು ಆ ತಲೆಯೇ. ಲೀಫ್ ಸ್ಪ್ರಿಂಗಿನ ಜಾಣತನ ಇರುವುದೂ ಇಲ್ಲೇ. ಅದು ಭಾರವನ್ನೂ ಹೊರುತ್ತದೆ, ಆಕ್ಸಲ್ಲನ್ನು ಜಾಗದಲ್ಲೂ ಹಿಡಿಯುತ್ತದೆ. ಇಂಗ್ಲೆಂಡಿನ ಗಾಡಿ ಮಾಡುವವ ಒಬಡೈಯಾ ಎಲಿಯಟ್ 1804ರಲ್ಲಿ ಕುದುರೆಗಾಡಿಗೆ ಎಲಿಪ್ಟಿಕ್ ಸ್ಪ್ರಿಂಗಿನ (ಎರಡು ಲೀಫ್ ಸ್ಪ್ರಿಂಗ್ ಎದುರುಬದುರು ಜೋಡಿಸಿದ್ದು) ಪೇಟೆಂಟ್ ತೆಗೆದುಕೊಂಡಾಗ, ಗಾಡಿಯ ಅಡಿಯಲ್ಲಿ ಉದ್ದಕ್ಕೆ ಹಾಕುತ್ತಿದ್ದ ಭಾರದ ತೊಲೆಯನ್ನೇ ಬಿಡಬಹುದಾಯಿತು. ನನ್ನ ಎಡಚಕ್ರ ಎರಡು ಬೆರಳು ಹಿಂದೆ ಸರಿದದ್ದೂ ಇದೇ ಕಾರಣಕ್ಕೆ. ಮೇನ್ ಪ್ಲೇಟು ಹೋದರೆ ಆಕ್ಸಲ್ಲಿಗೆ ಹಿಡಿತವೇ ಇಲ್ಲ. ಕೆಳಗಿನ ಸಣ್ಣ ಪ್ಲೇಟು ಮುರಿದರೆ ನಿಧಾನವಾಗಿ ಮನೆ ಸೇರಬಹುದೇನೋ, ಮೇನ್ ಪ್ಲೇಟು ಮುರಿದರೆ ಅಲ್ಲೇ ನಿಲ್ಲಿಸಿ.

ಮುರಿದದ್ದನ್ನು ಬೆಸುಗೆ ಹಾಕಿ ಕೊಡುತ್ತೇವೆ ಅನ್ನುವವರೂ ಸಿಕ್ಕರು. ಬೇಡ. ಸಾಣೆ ಹಿಡಿಯುವಾಗ ಉಳಿಯ ಮೊನೆ ನೀಲಿ ತಿರುಗಿದರೆ ಅದರ ಹದ ಹೋಯಿತು ಅಂತ ನಾವು ಅಷ್ಟು ಭಾಗ ತೇಯ್ದು ಹಾಕುತ್ತೇವೆ. ಸ್ಪ್ರಿಂಗೂ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದ ಮಾಡಿದ ಉಕ್ಕೇ. ಬೆಸುಗೆಯ ಬಿಸಿಗೆ ಒಂದು ಕಡೆ ಗಾಜಿನ ಹಾಗೆ ಪೆಡಸು, ಪಕ್ಕದಲ್ಲೇ ಮೆತ್ತಗೆ. ಮತ್ತೆ ಮುರಿಯುವುದು ಬೆಸುಗೆಯ ಪಕ್ಕದಲ್ಲೇ.

ಎರಡೂ ಕಡೆ ಒಟ್ಟಿಗೆ ಬದಲಿಸಿದೆ. ಒಂದು ಕಡೆ ಕುಗ್ಗಿದ್ದು, ಇನ್ನೊಂದು ಕಡೆ ಹೊಸದು ಇದ್ದರೆ ಟ್ರೇಲರ್ ಹೊಸದರಲ್ಲೂ ವಾಲುತ್ತದೆ. ಬುಷ್ಷು (ಕಣ್ಣಿನೊಳಗೆ ಕೂರುವ ಕೊಳವೆ), ಶಾಕಲ್ ಬೋಲ್ಟು, ಯು ಬೋಲ್ಟು ಎಲ್ಲಾ ಹೊಸದು. ಹಳೇ ಶಾಕಲ್ ಬೋಲ್ಟನ್ನು ಬೆರಳಲ್ಲಿ ಸವರಿದರೆ ಬುಷ್ ತಿಂದ ಗುಳಿ ಸಿಗುತ್ತಿತ್ತು. ಹಳೇ ಯು ಬೋಲ್ಟ್ ಒಮ್ಮೆ ಎಳೆದು ಬಿಗಿದದ್ದು, ಥ್ರೆಡ್ಡೂ ತುಕ್ಕು ಹಿಡಿದಿರುತ್ತದೆ, ಅದನ್ನು ಮತ್ತೆ ನಂಬಬಾರದು. ನಾನು ಕಂಚಿನ ಬುಷ್ ಮತ್ತು ಗ್ರೀಸ್ ನಿಪ್ಪಲ್ ಇರುವ ಬೋಲ್ಟು ಹಾಕಿದೆ. ನೈಲಾನ್ ಬುಷ್ಷೂ ನಡೆಯುತ್ತದೆ, ಬೇಗ ಸವೆಯುತ್ತದೆ ಅಷ್ಟೇ. ಶಾಕಲ್ಲಿನ ನಟ್ಟನ್ನು ಹಲ್ಲು ಕಚ್ಚಿ ಬಿಗಿಯಬೇಡಿ, ಅದು ತೂಗಬೇಕಾದ ವಸ್ತು. ಹಲ್ಲು ಕಚ್ಚಬೇಕಾದದ್ದು ಯು ಬೋಲ್ಟಿಗೆ. ಅದೂ ಚಕ್ರ ನೆಲಕ್ಕೂರಿ ಭಾರ ಬಿದ್ದ ಮೇಲೆ, ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವಾಗಿ, ಟಾರ್ಕ್ ಸ್ಪ್ಯಾನರಿನಲ್ಲಿ. ಎಂಬತ್ತು ಕಿಲೋಮೀಟರ್ ಓಡಿಸಿ ಮತ್ತೆ ಸ್ಪ್ಯಾನರ್ ಹಾಕಿದರೆ ನಾಲ್ಕರಲ್ಲಿ ಮೂರು ನಟ್ಟು ಇನ್ನೂ ಕಾಲು ಸುತ್ತು ತಿರುಗಿದವು. ಹೊಸ ಪ್ಲೇಟಿನ ಪೇಂಟು ನಲುಗಿ ಜಾಗ ಮಾಡಿಕೊಂಡಿರುತ್ತದೆ. ಈ ಕಾಲು ಸುತ್ತನ್ನು ಹಿಂದಿನ ಮಾಲೀಕರೋ ನಾನೋ ಯಾರಾದರೂ ತಿರುಗಿಸಿದ್ದರೆ ಮೊದಲನೇ ಪ್ಲೇಟು ಇವತ್ತಿಗೂ ಓಡುತ್ತಿತ್ತು.

ಕೊನೆಗೆ ಮೂಕಿಯ ತುದಿಯಿಂದ ಆಕ್ಸಲ್ಲಿನ ಎರಡೂ ತುದಿಗೆ ಟೇಪು ಹಿಡಿದೆ. 11 ಮಿಲಿಮೀಟರ್ ವ್ಯತ್ಯಾಸ. ಒಂದು ಕಡೆಯ ಸೆಂಟರ್ ಬೋಲ್ಟ್ ತಲೆ ಸೀಟಿನ ತೂತಿಗೆ ಇಳಿದೇ ಇರಲಿಲ್ಲ, ಅಂಚಿನ ಮೇಲೆ ಕೂತಿತ್ತು. ಬಿಚ್ಚಿ ಮತ್ತೆ ಕೂರಿಸಿದ ಮೇಲೆ 2ಕ್ಕೆ ಬಂತು. ಹಾಗೇ ಬಿಟ್ಟಿದ್ದರೆ ಟ್ರೇಲರ್ ನಾಯಿಯ ಹಾಗೆ ಓರೆಯಾಗಿ ಓಡಿ ಟೈರು ತಿನ್ನುತ್ತಿತ್ತು.

ಮತ್ತೆ ಅದೇ ನಾಲ್ಕು ಮರಳಿನ ಚೀಲ, ಅದೇ ಪೆನ್ಸಿಲ್. ಈ ಸಲ ಎರಡು ಗೆರೆಗಳ ನಡುವೆ 10 ಮಿಲಿಮೀಟರ್. ಲೋಡು ಹಾಕಿದರೆ ಮೂರು ಸೆಂಟಿಮೀಟರ್ ಇಳಿಯುತ್ತದೆ. ತಮ್ಮ ಮತ್ತೆ ಬೈಕಿನಲ್ಲಿ ಹಿಂದೆ ಬಂದ. ಖಾಲಿ ಟ್ರೇಲರ್ ಹಂಪಿನಲ್ಲಿ ಒಂದು ಸಲ ಎದ್ದು ಕೂತಿತಂತೆ, ಅಷ್ಟೇ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಪುರವಣಿಯಲ್ಲಿ ಆ ಒಂದು ಸಾಲನ್ನು ತಿದ್ದಿ ಹಾಕಿ. ಜಾಗವಿದ್ದರೆ ಒಂದು ಸ್ಪ್ರಿಂಗಿನ ಚಿತ್ರ ಬರೆಸಿ ಅದರಲ್ಲಿ ಉದ್ದ, ಬೆನ್ನಿನ ಉದ್ದ, ಕಮಾನು, ಅಗಲ, ಪ್ಲೇಟಿನ ದಪ್ಪ, ಕಣ್ಣಿನಿಂದ ಸೆಂಟರ್ ಬೋಲ್ಟಿಗೆ, ಬುಷ್ಷಿನ ತೂತು ಇಷ್ಟನ್ನು ಗುರುತು ಮಾಡಿ. ಓದುಗರು ಕತ್ತರಿಸಿಕೊಂಡು ಅಂಗಡಿಗೆ ಒಯ್ಯಲಿ. ಸ್ಪ್ರಿಂಗ್ ಮಾಡುವವರು ನಿಮ್ಮ ಪತ್ರಿಕೆ ಓದುತ್ತಿದ್ದರೆ ಅವರಿಗೂ ಒಂದು ಮಾತು. ಡಬ್ಬದ ಮೇಲೆ ಬರೆದದ್ದು ಡಬ್ಬದ ಜೊತೆ ಹೋಗುತ್ತದೆ. ಎಷ್ಟು ಕೆಜಿ, ಅದು ಒಂದಕ್ಕೋ ಜೋಡಿಗೋ ಎಂಬುದನ್ನು ಸ್ಪ್ರಿಂಗಿನ ಮೇಲೇ ಮೂಡಿಸಿಕೊಡಿ. ಎಲ್ಲಿ ಬೇಕಾದರೂ ಅಲ್ಲ, ಸಣ್ಣ ಪ್ಲೇಟಿನ ತುದಿಯಲ್ಲಿ. ನಡುವೆ ಗುದ್ದಿದರೆ ಬಿರುಕು ಅಲ್ಲಿಂದಲೇ ಶುರು.

ಆ ಮುರಿದ ತುಂಡು ಇನ್ನೂ ನನ್ನ ಬೆಂಚಿನ ಮೇಲಿದೆ. ಕಂದು ಭಾಗ, ಬೆಳ್ಳಿ ಭಾಗ ಎರಡೂ ಸ್ಪಷ್ಟವಾಗಿ ಕಾಣುವ ಹಾಗೆ ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಚಿತ್ರ ಹಾಕುವುದಾದರೆ ತಿಳಿಸಿ, ಮಗಳ ಹತ್ತಿರ ಫೋಟೊ ತೆಗೆಸಿ ಕಳಿಸುತ್ತೇನೆ.

ಇತಿ,
ನಿಮ್ಮ ಹಳೇ ಓದುಗ, ಒಬ್ಬ ಬಡಗಿ